ಹಳೆಯ ಡೀಸೆಲ್ ಜೀಪು: ಇಂಜಿನ್ ಬಿಚ್ಚುವ ಮೊದಲು ನೋಡಬೇಕಾದದ್ದು

ಹಳೆಯ ಡೀಸೆಲ್ ಜೀಪು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ, ಏರು ಹತ್ತುವಾಗ ಎಳೆಯದಿದ್ದರೆ, ಹಿಂದೆ ಬರುವವರಿಗೆ ದಾರಿಯೇ ಕಾಣದಷ್ಟು ಹೊಗೆ ಉಗುಳಿದರೆ, ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಇಂಜಿನ್ ಕೆಲಸ ಬಂದಿದೆ." ಬೋರ್, ಪಿಸ್ಟನ್, ರಿಂಗ್, ಬೇರಿಂಗ್ ಎಂದು ಪಟ್ಟಿ ಉದ್ದವಾಗುತ್ತದೆ. ಆ ಪಟ್ಟಿಗೆ ಒಪ್ಪಿಗೆ ಕೊಡುವ ಮೊದಲು ಡೀಸೆಲ್, ಗಾಳಿ, ಬ್ಯಾಟರಿ ಮತ್ತು ನೀರು ಈ ನಾಲ್ಕರ ದಾರಿಯನ್ನು ನೀವೇ ಒಮ್ಮೆ ಪೂರ್ತಿ ನೋಡಿ ಮುಗಿಸಬೇಕು. ನಾನು ಕಂಡಂತೆ ಹಳೆಯ ಡೀಸೆಲ್ ಗಾಡಿಗಳ ದೂರುಗಳಲ್ಲಿ ಬಹುಪಾಲು ಅಲ್ಲಿಯೇ ಇತ್ಯರ್ಥವಾಗುತ್ತವೆ. ಒಂದು ತಾಮ್ರದ ವಾಷರ್ ಬದಲಾಯಿಸಿದರೆ ಸರಿಹೋಗುವ ಗಾಡಿಯ ಹೆಡ್ ಬಿಚ್ಚುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಉದಾಹರಣೆಗೆ ಮಲೆನಾಡು, ಕೊಡಗಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರಾ ಜೀಪುಗಳನ್ನು ತೆಗೆದುಕೊಳ್ಳೋಣ. ಎಂಎಂ 540ಯಂಥ ಗಾಡಿಗಳಲ್ಲಿ ಇರುವುದು ಪೂಜೋ ಕಂಪನಿಯ ವಿನ್ಯಾಸದ ಎಕ್ಸ್‌ಡಿಪಿ ಇಂಜಿನ್, 2112 ಸಿಸಿ. ನಂತರ ಬಂದ ಎಕ್ಸ್‌ಡಿ3ಪಿ 2498 ಸಿಸಿಯದು. ಸಿಜೆ 500ಡಿಯಂಥವುಗಳಲ್ಲಿರುವುದು 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್. ಅದರ ಮೂಲ ಇಂಟರ್‌ನ್ಯಾಷನಲ್ ಕಂಪನಿಯ ಟ್ರ್ಯಾಕ್ಟರಿನದು. ನಿಮ್ಮದು ಯಾವುದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಎಷ್ಟೋ ಜೀಪುಗಳಲ್ಲಿ ಹಿಂದಿನ ಮಾಲೀಕರು ಬೇರೆ ಇಂಜಿನ್ ಕೂರಿಸಿರುತ್ತಾರೆ, ಹಾಗಾಗಿ ಆರ್‌ಸಿ ಪುಸ್ತಕವನ್ನಷ್ಟೇ ನಂಬಿದರೆ ಸಾಲದು. ಪೂಜೋ ಇಂಜಿನ್ನುಗಳಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಉರಿಯುತ್ತದೆ. ತಣ್ಣಗಿದ್ದಾಗ ಅವಕ್ಕೆ ಆ ಕೋಣೆಯನ್ನು ಕಾಯಿಸುವ ಹೀಟರ್ ಪ್ಲಗ್ ಬೇಕೇ ಬೇಕು. ಡಿಐಯಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಸಿಂಪಡಣೆಯಾಗುವುದರಿಂದ ನಮ್ಮ ಹವೆಯಲ್ಲಿ ಹೀಟರಿನ ಹಂಗು ಅಷ್ಟಾಗಿ ಇರುವುದಿಲ್ಲ. ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಎಲ್ಲಿಂದ ಹುಡುಕಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಗಾಡಿ ಕೈಗೆ ಬಂದ ಮೊದಲ ವಾರ

ಹಿಂದಿನವರು ಏನು ಹೇಳಿದ್ದರೂ ಸರಿ, ಎಲ್ಲ ಆಯಿಲ್, ಎಲ್ಲ ಫಿಲ್ಟರ್ ಬದಲಾಯಿಸಿಬಿಡಿ. ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್ ಯಾವುದನ್ನೂ ಬಿಡಬೇಡಿ. ಹೊಳೆ ದಾಟಿದ ಜೀಪಿನ ಡಿಫರೆನ್ಷಿಯಲ್ ಬಿಚ್ಚಿದರೆ ಹಾಲು ಬೆರೆಸಿದ ಕಾಫಿಯ ಬಣ್ಣದ ಆಯಿಲ್ ಬರುವುದುಂಟು. ಅದು ನೀರು ಹೊಕ್ಕ ಗುರುತು. ಆಗ ಆಯಿಲ್ ಬದಲಾಯಿಸಿದರೆ ಸಾಲದು, ಹೌಸಿಂಗಿನ ಮೇಲಿರುವ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ತೂತು) ಕಟ್ಟಿಕೊಂಡಿದೆಯೇ, ಸೀಲ್ ಹೋಗಿದೆಯೇ ಎಂದೂ ನೋಡಬೇಕು.

ಇಂಜಿನ್ನಿಗೆ ಡೀಸೆಲ್ ದರ್ಜೆಯ 15ಡಬ್ಲ್ಯು-40 ಮಿನರಲ್ ಆಯಿಲ್ ಧಾರಾಳವಾಗಿ ಸಾಕು, ದುಬಾರಿ ಸಿಂಥೆಟಿಕ್ ಬೇಡ. ಹೊಸ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುವುದು ಡೀಸೆಲ್ ಇಂಜಿನ್ನಿನ ಸಹಜ ಗುಣ, ಅದಕ್ಕೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಬೇರೆ ಎರಡು ಗುರುತುಗಳಿಗೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆನೆಯಂತೆ ಕಂಡರೆ ರೇಡಿಯೇಟರ್ ನೀರು ಒಳಸೇರಿದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಡಯಾಫ್ರಂ ಹರಿದು ಅಥವಾ ಇಂಜೆಕ್ಷನ್ ಪಂಪಿನ ಸೀಲ್ ಸೋತು ಡೀಸೆಲ್ ಕೆಳಗಿಳಿಯುತ್ತಿದೆ. ಈ ಎರಡನೆಯದನ್ನು "ಈ ಗಾಡಿ ಆಯಿಲೇ ಕುಡಿಯುವುದಿಲ್ಲ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಅಂಥ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ.

ಡೀಸೆಲ್ ಸಾಗುವ ದಾರಿ

ಟ್ಯಾಂಕಿನಿಂದ ಜಾಲರಿ ಅಥವಾ ಸೆಡಿಮೆಂಟರ್ (ನೀರು, ಕೆಸರನ್ನು ತಳಕ್ಕಿಳಿಸುವ ಬಟ್ಟಲು), ಅಲ್ಲಿಂದ ಫೀಡ್ ಪಂಪ್, ಆಮೇಲೆ ಫಿಲ್ಟರ್, ಇಂಜೆಕ್ಷನ್ ಪಂಪ್, ಹೈ ಪ್ರೆಶರ್ ಪೈಪುಗಳು, ಕೊನೆಗೆ ಇಂಜೆಕ್ಟರ್. ಉಳಿದ ಡೀಸೆಲ್ ಓವರ್‌ಫ್ಲೋ ಪೈಪಿನಲ್ಲಿ ವಾಪಸ್ ಬರುತ್ತದೆ. ಒಂದು ಸಂಜೆ ಟಾರ್ಚ್ ಹಿಡಿದು ಈ ದಾರಿಯನ್ನು ಕೈಬೆರಳಿನಿಂದ ಮುಟ್ಟುತ್ತಾ ಹೋಗಿ. ಎಲ್ಲಿ ಒದ್ದೆಯಿದೆ, ಎಲ್ಲಿ ರಬ್ಬರ್ ಬಿರಿದಿದೆ, ಎಲ್ಲಿ ಕ್ಲಾಂಪಿನ ಬದಲು ತಂತಿ ಸುತ್ತಿದ್ದಾರೆ ಎಂಬುದೆಲ್ಲ ಸಿಗುತ್ತದೆ. 2020ರ ಏಪ್ರಿಲ್‌ನಿಂದ ದೇಶಾದ್ಯಂತ ಸಿಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ 10 ಪಿಪಿಎಂ. ಇಂಧನದ ಗುಣ ಬದಲಾದಾಗ ಹಳೆಯ ರಬ್ಬರ್ ಸೀಲುಗಳು ಕುಗ್ಗಿ ಸೋರುವುದುಂಟು. ಗಟ್ಟಿಯಾದ ಪೈಪು, ಸೀಲುಗಳನ್ನು ಸೋರುವವರೆಗೆ ಕಾಯದೆ ಬದಲಾಯಿಸುವುದು ಲೇಸು.

ಮಳೆಗಾಲದಲ್ಲಿ ನಿಂತೇ ಇರುವ ಜೀಪಿಗೆ ಟ್ಯಾಂಕ್ ತುಂಬಿಸಿಡಬೇಕು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಮಳೆ ನಿಂತ ಮೇಲೆ ಟ್ಯಾಂಕಿನ ಡ್ರೈನ್ ಪ್ಲಗ್ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಒಂದಿಷ್ಟು ಡೀಸೆಲ್ ಹಿಡಿಯಿರಿ. ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ನೀರಿನ ಪದರ ಕಂಡರೆ ಶುದ್ಧ ಡೀಸೆಲ್ ಬರುವವರೆಗೂ ಬಸಿದು, ಫಿಲ್ಟರ್ ಬದಲಾಯಿಸಿ. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಜಾರುಗುಣ ಕೊಡುವುದು ಡೀಸೆಲ್ ತಾನೇ. ಅಲ್ಲಿಗೆ ನೀರು ಹೋದರೆ ಪಂಪ್ ಕೆಡುತ್ತದೆ. ಪಂಪ್ ಉಳಿಸಿಕೊಳ್ಳಲು ಫಿಲ್ಟರಿಗಿಂತ ಅಗ್ಗದ ದಾರಿ ಇಲ್ಲ.

ಏರ್ ತೆಗೆಯುವುದು

ಹಳೆಯ ಡೀಸೆಲ್ ಇಟ್ಟುಕೊಂಡವರು ಕಲಿಯಲೇಬೇಕಾದ ಒಂದೇ ಒಂದು ಕೆಲಸವಿದ್ದರೆ ಅದು ಇದು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿದರೆ ಪಂಪ್ ಎಷ್ಟು ಒತ್ತಿದರೂ ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಟ್ಯಾಂಕ್ ಖಾಲಿಯಾದಾಗ, ಫಿಲ್ಟರ್ ಬದಲಿಸಿದಾಗ, ಎಲ್ಲಾದರೂ ವಾಷರ್ ಸೋತಾಗ ಹೀಗಾಗುತ್ತದೆ.

1. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇದೆಯೇ ನೋಡಿ. ಫಿಲ್ಟರ್ ಮತ್ತು ಪಂಪಿನ ಸುತ್ತ ಬ್ರಷ್‌ನಿಂದ ಉಜ್ಜಿ ಒರೆಸಿ. ನಟ್ ಬಿಚ್ಚುವಾಗ ಒಳಬಿದ್ದ ಮರಳಿನ ಒಂದು ಕಣ ಇಂಜೆಕ್ಟರಿನ ತುದಿಯ ನಾಜಲ್ ಕೆಡಿಸಲು ಸಾಕು.
2. ಫಿಲ್ಟರ್ ತಲೆಯ ಮೇಲಿರುವ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಹೋಗಿ. ಒತ್ತಿದರೂ ಬಿಗಿ ಸಿಗದಿದ್ದರೆ ಇಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ; ಒಳಗಿನ ಕ್ಯಾಮ್ ಎದ್ದು ನಿಂತಿದ್ದರೆ ಕೈಪಂಪಿಗೆ ಪೂರ್ತಿ ಹೊಡೆತ ಸಿಗುವುದಿಲ್ಲ.
3. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಕೈಪಂಪನ್ನು ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿಯಿರಿ.
4. ಇಂಜೆಕ್ಷನ್ ಪಂಪಿನ ಮೈಮೇಲೆ ಏರ್ ಸ್ಕ್ರೂ ಇದ್ದರೆ ಅಲ್ಲಿಯೂ ಇದನ್ನೇ ಮಾಡಿ.
5. ಇಂಜೆಕ್ಟರುಗಳ ತುದಿಯಲ್ಲಿರುವ ಪೈಪ್ ನಟ್‌ಗಳಲ್ಲಿ ಎರಡನ್ನು ಅರ್ಧ ಸುತ್ತು ಸಡಿಲಿಸಿ. ಬಹುತೇಕ 17ರ ಸ್ಪ್ಯಾನರ್ ಹಿಡಿಸುತ್ತದೆ. ಸ್ಟಾಪರ್ (ಇಂಜಿನ್ ನಿಲ್ಲಿಸಲು ಎಳೆಯುವ ಗುಂಡಿ) ಒಳಗೆ ಹೋಗಿದೆಯೇ ಖಚಿತಪಡಿಸಿಕೊಂಡು, ಇನ್ನೊಬ್ಬರಿಗೆ ಹೇಳಿ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಸಿ. ನಟ್ ಸುತ್ತ ಡೀಸೆಲ್ ಚಿಮ್ಮತೊಡಗಿದಾಗ ನಿಲ್ಲಿಸಿ, ಬಿಗಿದು, ಸ್ಟಾರ್ಟ್ ಮಾಡಿ.

ಸೆಲ್ಫನ್ನು ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಒಂದು ನಿಮಿಷ ಆರಲು ಬಿಡಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಇಂಜೆಕ್ಟರ್ ಪೈಪಿನಲ್ಲಿ ಒತ್ತಡ ನೂರು ಬಾರ್‌ಗಿಂತ ಹೆಚ್ಚು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಆದರೆ ತಡಮಾಡಿದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ಕೈ ಬೇಡ, ರಟ್ಟಿನ ತುಂಡು ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ.

ಏರ್ ತೆಗೆದ ಗಾಡಿ ಮರುದಿನ ಬೆಳಿಗ್ಗೆ ಮತ್ತೆ ಅದೇ ಹಠ ಹಿಡಿದರೆ, ರಾತ್ರಿಯಿಡೀ ಎಲ್ಲಿಂದಲೋ ಗಾಳಿ ಒಳಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ ಎಂದರ್ಥ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಡೀಸೆಲ್ ಹೊರಕ್ಕೆ ಸೋರುವುದಕ್ಕಿಂತ ಗಾಳಿ ಒಳಕ್ಕೆ ಎಳೆದುಕೊಳ್ಳುವುದೇ ಹೆಚ್ಚು. ನೆಲದ ಮೇಲೆ ಒಂದು ಹನಿಯೂ ಬೀಳದಿರಬಹುದು. ಒಂದಡಿ ಪಾರದರ್ಶಕ ಪೈಪನ್ನು ಫಿಲ್ಟರ್ ಮತ್ತು ಇಂಜೆಕ್ಷನ್ ಪಂಪಿನ ನಡುವೆ ತಾತ್ಕಾಲಿಕವಾಗಿ ಕೂರಿಸಿ ಇಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ನಂತರ ಪೈಪನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತಾ ಹೋಗಿ. ಗುಳ್ಳೆ ಮಾಯವಾದಲ್ಲಿ ನಿಲ್ಲಿ. ಆ ಜಾಗಕ್ಕೂ ಅದಕ್ಕೆ ಮೊದಲು ಪರೀಕ್ಷಿಸಿದ ಜಾಗಕ್ಕೂ ನಡುವೆ ಕಳ್ಳನಿದ್ದಾನೆ.

ಬಹಳ ಸಲ ಅದು ಬ್ಯಾಂಜೋ ಬೋಲ್ಟಿನ (ಪೈಪಿನ ತುದಿಯನ್ನು ಹಿಡಿಯುವ, ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಷರ್. ಬಿಚ್ಚಿದಾಗಲೆಲ್ಲ ಹೊಸದು ಹಾಕುವುದೇ ಸರಿ. ಅಂಗಡಿ ದೂರವಿದ್ದರೆ ಹಳೆಯ ವಾಷರನ್ನು ಇಕ್ಕಳದಲ್ಲಿ ಹಿಡಿದು ಒಲೆಯಲ್ಲಿ ಮಂದ ಕೆಂಪಾಗುವವರೆಗೆ ಕಾಸಿ ನೀರಿನಲ್ಲಿ ಅದ್ದಿ. ಬಿಗಿತಕ್ಕೆ ಸಿಕ್ಕಿ ಗಡುಸಾಗಿದ್ದ ತಾಮ್ರ ಮತ್ತೆ ಮೆದುವಾಗುತ್ತದೆ. ಮೇಲಿನ ಕಪ್ಪು ಪೊರೆಯನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಎರಡೂ ಮುಖ ಗೀರಿಲ್ಲದೆ ಸಮತಟ್ಟಾಗಿದ್ದರೆ ಮರಳಿ ಹಾಕಬಹುದು. ನಾಲ್ಕು ಬಗೆಯ ಅಳತೆಯ ವಾಷರುಗಳನ್ನು ಒಂದು ಡಬ್ಬಿಯಲ್ಲಿ ಗಾಡಿಯಲ್ಲೇ ಇಟ್ಟುಕೊಳ್ಳಿ.

ಬೆಳಗಿನ ಸ್ಟಾರ್ಟಿಂಗ್

ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವೇ ಬೆಂಕಿ. ಸೆಲ್ಫ್ ನಿಧಾನವಾಗಿ ತಿರುಗಿದರೆ ಆ ಕಾವು ಹುಟ್ಟುವ ಮೊದಲೇ ಸೋರಿಹೋಗುತ್ತದೆ. ಆದ್ದರಿಂದ ಪಂಪ್, ನಾಜಲ್ ಎನ್ನುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ನಿಂತಾಗ ಸುಮಾರು 12.6 ವೋಲ್ಟ್ ತೋರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಮಂದವಾಗಿದ್ದರೆ ಅರ್ತ್ ಪಟ್ಟಿಯನ್ನು ನೋಡಿ. ಇಂಜಿನ್ನಿನಿಂದ ಚಾಸಿಗೆ ಹೋಗುವ ಆ ಪಟ್ಟಿ ಮಲೆನಾಡಿನ ತೇವಕ್ಕೆ ಹಸಿರುಗಟ್ಟಿ ಹೆಸರಿಗಷ್ಟೇ ಅಂಟಿಕೊಂಡಿರುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ.

ಪೂಜೋ ಇಂಜಿನ್ನಾದರೆ ಮುಂದಿನ ಸರದಿ ಹೀಟರ್ ಪ್ಲಗ್‌ಗಳದು. ಅವುಗಳನ್ನು ಜೋಡಿಸುವ ಪಟ್ಟಿಯನ್ನು ತೆಗೆದು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ ಹಚ್ಚಿ, ಇನ್ನೊಂದನ್ನು ಒಂದೊಂದು ಪ್ಲಗ್ ತಲೆಗೆ ಮುಟ್ಟಿಸಿ. ಬಲ್ಬ್ ಉರಿಯದ ಪ್ಲಗ್ ಸತ್ತಿದೆ. ನಾಲ್ಕೂ ಜೀವಂತವಿದ್ದರೆ ರಿಲೇ ಮತ್ತು ಸ್ವಿಚ್ಚಿನಿಂದ ಕರೆಂಟ್ ಬರುತ್ತಿದೆಯೇ ನೋಡಿ. ಹೀಟರ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಲು ಯಾರನ್ನೂ ಬಿಡಬೇಡಿ. ಕಾದ ಪ್ಲಗ್‌ಗೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು.

ವಿದ್ಯುತ್ ಸ್ಟಾಪ್ ಸೊಲೆನಾಯ್ಡ್ ಇರುವ ಪಂಪಾದರೆ ಕೀ ತಿರುಗಿಸಿದಾಗ "ಟಕ್" ಎನ್ನಬೇಕು. ಸದ್ದಿಲ್ಲದಿದ್ದರೆ ಒಂದು ಸಡಿಲ ವೈರಿಗಾಗಿ ನೀವು ಇಡೀ ಬೆಳಿಗ್ಗೆ ಏರ್ ತೆಗೆಯುತ್ತಿರುತ್ತೀರಿ.

ಹೊಗೆ ಹೇಳುವುದು

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಕ್ಲೀನರ್ ಬಿಚ್ಚಿ. ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಕ್ಲೀನರನ್ನು (ಧೂಳನ್ನು ಆಯಿಲ್‌ನಲ್ಲಿ ಹಿಡಿಯುವಂಥದ್ದು) ಡೀಸೆಲ್‌ನಲ್ಲಿ ತೊಳೆದು, ತಳದ ಕೆಸರು ತೆಗೆದು, ಗುರುತಿನವರೆಗಷ್ಟೇ ಹೊಸ ಆಯಿಲ್ ಹಾಕಬೇಕು. ಗುರುತು ಮೀರಿದರೆ ಆ ಆಯಿಲನ್ನು ಇಂಜಿನ್ ಎಳೆದುಕೊಂಡು ತನ್ನಷ್ಟಕ್ಕೆ ತಾನೇ ಓಡತೊಡಗಬಹುದು. ಆಗ ಕೀ ತೆಗೆದರೂ, ಸ್ಟಾಪರ್ ಎಳೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಮೇಲಿನ ಗೇರಿಗೆ ಹಾಕಿ ಬ್ರೇಕ್ ಬಲವಾಗಿ ಒತ್ತಿ ಕ್ಲಚ್ ಬಿಡಿ, ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಗಟ್ಟಿ ಹಲಗೆ ಮುಚ್ಚಿ. ಅಂಗೈ ಅಡ್ಡ ಹಿಡಿಯಬೇಡಿ.

ಏರ್ ಕ್ಲೀನರ್ ಸರಿಯಿದ್ದೂ ಕಪ್ಪು ಹೊಗೆ ಹೋಗದಿದ್ದರೆ ನಾಜಲ್ ಮೇಲೆ ಅನುಮಾನ ಪಡಬಹುದು. ಯಾವ ಸಿಲಿಂಡರ್ ಎಂದು ತಿಳಿಯುವ ಸುಲಭ ಉಪಾಯವಿದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರ್ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಸಡಿಲಿಸಿ, ಕಿವಿಗೊಟ್ಟು, ಮತ್ತೆ ಬಿಗಿಯಿರಿ. ಒಳ್ಳೆಯ ಸಿಲಿಂಡರಿನ ನಟ್ ಸಡಿಲಿಸಿದಾಗ ಇಂಜಿನ್ ಕುಂಟುತ್ತದೆ. ಸದ್ದಿನಲ್ಲಿ ವ್ಯತ್ಯಾಸವೇ ಆಗದ ಸಿಲಿಂಡರ್ ಮೊದಲೇ ದುಡಿಯುತ್ತಿರಲಿಲ್ಲ. ಅಲ್ಲಿನ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ದೋಷ ಜೊತೆಗೇ ಹೋದರೆ ಇಂಜೆಕ್ಟರ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವ್ ಅಥವಾ ಕಂಪ್ರೆಷನ್ ಕಡೆ ತಿರುಗಬೇಕು. ಇಂಜೆಕ್ಟರ್ ಬಿಚ್ಚಿದ ಮೇಲೆ ಅದರ ಬುಡದ ವಾಷರ್ ಹೊಸದೇ ಆಗಬೇಕು.

ತಣ್ಣಗಿರುವಾಗ ಬಂದು ಬಿಸಿಯಾದ ಮೇಲೆ ಹೋಗುವ ಬಿಳಿ ಹೊಗೆ ಸುಡದ ಡೀಸೆಲ್‌ನದು. ಹೀಟರ್, ಟೈಮಿಂಗ್, ಕಂಪ್ರೆಷನ್ ಮೂರರಲ್ಲಿ ಒಂದು ಕಾರಣ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನೀಲಿ ಹೊಗೆ ಆಯಿಲ್ ಉರಿಯುವುದರಿಂದ. ರಿಂಗ್ ಎನ್ನುವ ಮೊದಲು ಏರ್ ಕ್ಲೀನರಿನ ಆಯಿಲ್ ಮಟ್ಟ, ಕಟ್ಟಿಕೊಂಡ ಬ್ರೀದರ್, ವಾಲ್ವ್ ಸೀಲ್ ಇವುಗಳನ್ನು ನೋಡಿ ಮುಗಿಸಿ.

ಟ್ಯಾಪೆಟ್, ನೀರು ಮತ್ತು ಗ್ರೀಸ್

ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಹೊಂದಿಸುವುದು ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ಮತ್ತು ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ. ಎಷ್ಟು ಸಂದು ಬಿಡಬೇಕು, ಬಿಸಿಯಲ್ಲೋ ತಣ್ಣಗಿರುವಾಗಲೋ ಎಂಬುದನ್ನು ನಿಮ್ಮ ಇಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಬಾಯಿಮಾತಿನ ಅಳತೆ ಬೇಡ. ನಾಲ್ಕು ಸಿಲಿಂಡರಿನಲ್ಲಿ ಒಂದು ಮತ್ತು ನಾಲ್ಕು, ಎರಡು ಮತ್ತು ಮೂರು ಜೋಡಿ. ನಾಲ್ಕನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್ಲೆಟ್ ತೆರೆಯತೊಡಗುವ ಹಂತಕ್ಕೆ ಇಂಜಿನ್ ತಿರುಗಿಸಿ ನಿಲ್ಲಿಸಿದರೆ ಒಂದನೆಯದರ ಎರಡೂ ವಾಲ್ವ್ ಸಡಿಲವಾಗಿರುತ್ತವೆ, ಅವನ್ನು ಹೊಂದಿಸಿ. ಉಳಿದವಕ್ಕೂ ಇದೇ ಕ್ರಮ. ಗೇಜಿನ ಎಲೆ ಎಳೆದಾಗ ಕೊಂಚ ಹಿಡಿದಂತಾಗಬೇಕು. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಬಿಸಿ ಹೆಚ್ಚಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತುಹಾಕುವ ಪದ್ಧತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಸದಾ ತಣ್ಣಗೆ ಓಡುವ ಡೀಸೆಲ್ ಇಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿಯಾಗಲು ಕಾರಣವಾದ ಕೆಸರು ತುಂಬಿದ ರೇಡಿಯೇಟರ್, ಜಾರುವ ಬೆಲ್ಟ್, ಸವೆದ ವಾಟರ್ ಪಂಪ್ ಇವನ್ನು ಸರಿಮಾಡಿ. ರೇಡಿಯೇಟರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ. ಕೋಲಾರ, ಚಿತ್ರದುರ್ಗದಂಥ ಕಡೆ ಕೊಳವೆಬಾವಿಯ ಗಡಸು ನೀರು ತುಂಬಿಸಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕುವುದು ಎಲ್ಲ ಕಡೆಗೂ ಒಳ್ಳೆಯದು.

ಸ್ಪ್ರಿಂಗ್ ಶ್ಯಾಕಲ್, ಜಾಯಿಂಟ್ ಶಾಫ್ಟಿನ ಕ್ರಾಸ್‌ಗಳಿಗೆ ಹಳೆಯ ಕೆಸರು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಹೊಡೆಯಿರಿ. ಗಾಡಿಯ ಕೆಳಗೆ ನುಸುಳುವಾಗ ಜಾಕ್ ಒಂದನ್ನೇ ನಂಬಬೇಡಿ, ಕಲ್ಲನ್ನೂ ನಂಬಬೇಡಿ. ಸ್ಟ್ಯಾಂಡ್ ಇಲ್ಲವೇ ಅಗಲವಾದ ಮರದ ದಿಮ್ಮಿ ಕೊಡಿ, ಚಕ್ರಗಳಿಗೆ ಅಡ್ಡ ಇಡಿ.

ಕೈ ಹಾಕಬಾರದ ಜಾಗ

ಇಂಜೆಕ್ಷನ್ ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ದಶಕಗಳ ಕಾಲ ದೇಶದ ಡೀಸೆಲ್ ಗಾಡಿಗಳಿಗೆ ಪಂಪು, ನಾಜಲ್ ಹೋದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಗ್ಯಾರೇಜುಗಳಲ್ಲಿ ಇಂದಿಗೂ ಅದು ಮೈಕೋ ಪಂಪೇ. ಆ ಪಂಪುಗಳಲ್ಲಿ ಬ್ಯಾರಲ್ (ಕೊಳವೆ) ಮತ್ತು ಪ್ಲಂಜರ್ (ಅದರೊಳಗೆ ಆಡುವ ದಂಡ) ನಡುವಿನ ಸಂದು ಮೈಕ್ರಾನುಗಳ ಲೆಕ್ಕದ್ದು. ಅದನ್ನು ಕ್ಯಾಲಿಬ್ರೇಷನ್ ಬೆಂಚ್ ಇರುವ ಪಂಪ್ ಅಂಗಡಿಗೇ ಒಯ್ಯಬೇಕು. ನಾಜಲ್ ಪರೀಕ್ಷೆಯನ್ನು ಮಾತ್ರ ಪಕ್ಕದಲ್ಲಿ ನಿಂತು ನೋಡಿ: ಒಳ್ಳೆಯ ನಾಜಲ್ ಮಂಜಿನಂತೆ ಸಿಂಪಡಿಸಿ ತಟ್ಟನೆ ನಿಲ್ಲುತ್ತದೆ, ಕೆಟ್ಟದ್ದು ತುದಿಯಲ್ಲಿ ಹನಿ ಬಿಡುತ್ತದೆ. ಪಂಪಿನ ಸೀಲ್ ತಂತಿ ಕಿತ್ತು ಸ್ಕ್ರೂ ತಿರುಗಿಸಿ "ಪಿಕಪ್" ಹೆಚ್ಚಿಸಿ ಕೊಡುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ. ಆ ಪಿಕಪ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ). ಪರೀಕ್ಷೆಗೆ ಹೋಗುವಾಗ ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಖಾಸಗಿ ಗಾಡಿಯ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾಗಿರುವುದರಿಂದ ಈ ಶಿಸ್ತು ಹೇಗೂ ಬೇಕು.

ಇಷ್ಟಾದ ಮೇಲೂ

ಡೀಸೆಲ್ ದಾರಿ ಶುದ್ಧ, ಗಾಳಿ ಸರಾಗ, ನಾಜಲ್ ಪರೀಕ್ಷೆಯಾಗಿದೆ, ಟ್ಯಾಪೆಟ್ ಸರಿಯಿದೆ, ಆದರೂ ಗಾಡಿ ಸೋಲುತ್ತಿದೆ ಎನ್ನಿ. ಬಿಸಿ ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆಯಿರಿ. ತೆಳುವಾದ ಆವಿ ಸಹಜ. ಬುಸುಬುಸು ಎಂದು ಒತ್ತಡದಿಂದ ಹೊಗೆ ಬರುತ್ತಿದ್ದರೆ ರಿಂಗ್ ಸೋತಿರಬಹುದು. ಆಮೇಲೆ ಡೀಸೆಲ್ ಗೇಜಿನಿಂದಲೇ ಕಂಪ್ರೆಷನ್ ಅಳೆಸಿ. ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಾಳುವುದಿಲ್ಲ. ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ಬರೆದುಕೊಂಡು ಅವುಗಳ ನಡುವಿನ ಅಂತರವನ್ನು ನೋಡಿ.

ಆ ಅಂಕಿಗಳೂ ಕೆಟ್ಟಿದ್ದರೆ ಇಂಜಿನ್ ಬಿಚ್ಚಿಸಿ, ಅರೆಮನಸ್ಸು ಬೇಡ. ಹೆಡ್ ಸಮತಟ್ಟಾಗಿದೆಯೇ, ಬಿರುಕಿದೆಯೇ ಎಂದು ಪರೀಕ್ಷೆ ಮಾಡಿಸಿ. ಬೋರ್ ಮತ್ತು ಕ್ರ್ಯಾಂಕ್ ಜರ್ನಲ್ಲುಗಳ ಅಳತೆಯನ್ನು ಲೇತ್ ಅಂಗಡಿಯವರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಪಿಸ್ಟನ್, ಬೇರಿಂಗ್ ಯಾವ ಓವರ್‌ಸೈಜ್, ಯಾವ ಅಂಡರ್‌ಸೈಜ್ ಎಂಬುದು ಆ ಅಳತೆಯಿಂದ ತೀರ್ಮಾನವಾಗಬೇಕು. ಅದು ಕೈಗೆ ಬಂದ ಮೇಲೆಯೇ ಬೆಂಗಳೂರಿನ ಜೆ.ಸಿ. ರಸ್ತೆಗೋ ನಿಮ್ಮೂರಿನ ಸ್ಪೇರ್ ಅಂಗಡಿಗೋ ಹೋಗಿ ಸಾಮಾನು ಕೊಳ್ಳಿ, ಸೈಜುಗಳನ್ನು ಬಿಲ್ಲಿನಲ್ಲಿ ನಮೂದಿಸಿಕೊಂಡು ಬನ್ನಿ.